ಇಂಜಿನ್ನಿನ ಅಸ್ತರ್

ಹಿತ್ತಾಳೆಯ ತಗಡಿನ ಮೇಲೆ ಉಳಿದದ್ದು ‘ಅಂಡ್ ಸನ್ಸ್’ ಎಂಬ ಇಂಗ್ಲಿಷ್ ಅಕ್ಷರಗಳು ಮಾತ್ರ. ಅವೂ ಬರಿಗಣ್ಣಿಗೆ ಕಾಣುತ್ತಿರಲಿಲ್ಲ. ತಗಡಿನ ಮೇಲೆ ತೆಳು ಕಾಗದ ಹಾಸಿ ಪೆನ್ಸಿಲನ್ನು ಅಡ್ಡ ಹಿಡಿದು ತಿಕ್ಕಿದಾಗ, ಬೂದು ಬಣ್ಣದ ನಡುವೆ ಬೆಳ್ಳಗೆ ಮೂಡಿದವು. ಅದರ ಮುಂದಿದ್ದ ಹೆಸರು, ಕೆಳಗಿದ್ದಿರಬಹುದಾದ ಊರು, ನಂಬರು ಎಲ್ಲವೂ ಸವೆದು ನುಣ್ಣಗಾಗಿದ್ದವು. ಸವೆಸಿದವಳು ನನ್ನ ಅಜ್ಜಿ. ಹಬ್ಬ ಬಂದಾಗಲೆಲ್ಲ ದೇವರಮನೆಯ ದೀಪ, ತಂಬಿಗೆ, ಗಂಟೆಗಳ ಜೊತೆಗೆ ಹಳೆಯ ಆಯಿಲ್ ಇಂಜಿನ್ನಿನ ಮೇಲಿದ್ದ ಆ ತಗಡನ್ನೂ ಆಕೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದಳು. ಒರೆಸಿ, ಮೂರೆಳೆ ವಿಭೂತಿ ಎಳೆದು, ನಡುವೆ ಕುಂಕುಮ ಇಡುತ್ತಿದ್ದಳು. ಅದು ಇಂಜಿನ್ನಿನ ಹಣೆ ಎಂದೇ ಮನೆಯಲ್ಲಿ ಎಲ್ಲರ ಲೆಕ್ಕ. ಹೊಳಪು ಹೆಚ್ಚಿದ ಹಾಗೆ ಅಕ್ಷರ ಕಡಿಮೆಯಾಗುತ್ತ ಹೋದದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಪೆನ್ಸಿಲಿನ ಗುರುತನ್ನು ಅಪ್ಪನ ಮುಂದೆ ಹಿಡಿದಾಗ ಅವರು ಅದನ್ನು ಓದಿ ನಕ್ಕರು.

“ನೋಡವ್ವಾ, ಗಂಡುಮಕ್ಕಳಿಗೆ ಅಂತ ಸ್ವಚ್ಛ ಬರದಾರ.”

“ಹೌದಪಾ,” ಅಂದಳು ಅಜ್ಜಿ ಅಡುಗೆಮನೆಯ ಹೊಸ್ತಿಲಲ್ಲಿ ಅವರೆಕಾಯಿ ಬಿಡಿಸುತ್ತ. “ಹೆಣ್ಮಕ್ಕಳ ಹೆಸರು ಹುಣಸೀಹಣ್ಣಿನ್ಯಾಗ ಹೋತು.”

ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಕೂತ ಜಾಗದಲ್ಲಿ ಕೂರುತ್ತಿರಲಿಲ್ಲ. ಸಂಡೂರಿನ ಗುಡ್ಡಗಳಿಂದ ಅದಿರು ತುಂಬಿದ ಲಾರಿಗಳು ಹೊಸಪೇಟೆಯ ನಮ್ಮ ಹಿತ್ತಿಲಿನ ರಸ್ತೆಯಲ್ಲೇ ಹೋಗುತ್ತಿದ್ದವು. ಒಂದರ ಬಾಲಕ್ಕೆ ಇನ್ನೊಂದರ ಮೂತಿ. ರಸ್ತೆ ಕಡೆಯ ಕಿಟಕಿಗಳನ್ನು ಅಮ್ಮ ಮುಚ್ಚಿಯೇ ಬಿಟ್ಟಿದ್ದಳು. ಆದರೂ ಮೊಸರಿನ ಗಡಿಗೆಗೆ ಕಟ್ಟಿದ ಬಿಳಿಯ ಬಟ್ಟೆ ಸಂಜೆಯ ಹೊತ್ತಿಗೆ ಕೆಂಪಗಾಗುತ್ತಿತ್ತು. ನನ್ನ ಸಮವಸ್ತ್ರದ ಬಿಳಿ ರಿಬ್ಬನ್ನುಗಳನ್ನು ಪಡಸಾಲೆಯೊಳಗೇ ಒಣಹಾಕಬೇಕಿತ್ತು. ಅಪ್ಪ ಹಿಟ್ಟಿನ ಗಿರಣಿಯನ್ನು ಆಳಿಗೆ ಒಪ್ಪಿಸಿ ಒಂದು ಟಿಪ್ಪರ್ ಕೊಂಡಿದ್ದರು. ಇನ್ನೊಂದರ ಮಾತು ನಡೆದಿತ್ತು. ಅವರ ಅಂಗಿಯ ಜೇಬಿನಲ್ಲಿ ಫೋನು ಯಾವ ಹೊತ್ತಿನಲ್ಲಾದರೂ ಬಡಿದುಕೊಳ್ಳುತ್ತಿತ್ತು. ತೋರಣಗಲ್ಲಿನಲ್ಲಿ ಗಾಡಿ ಸಾಲಿನಲ್ಲಿ ನಿಂತಿದೆ, ಡ್ರೈವರ್ ಮರಿಯಮ್ಮನಹಳ್ಳಿಯಲ್ಲಿ ಇಳಿದು ಹೋದ, ಟೈರು ಹೋಯಿತು. ರೊಟ್ಟಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಅದರ ಮೇಲೆ ಶೇಂಗಾ ಚಟ್ನಿ ಹಾಕಿಸಿಕೊಂಡು, ನಿಂತೇ ತಿಂದು, ಮಾತಾಡುತ್ತಲೇ ಚಪ್ಪಲಿ ಮೆಟ್ಟಿ ಹೋಗುತ್ತಿದ್ದರು.

“ಏನ್ರಿ, ಒಂದ್ ರೊಟ್ಟಿ ಕುಂತು ಉಣ್ರಿ. ಲಾರಿಗೇನು ಕಾಲಿಲ್ಲ, ಹೋಗೂದಿಲ್ಲ,” ಎಂದು ಅಮ್ಮ ಹೇಳಿದರೆ,

“ಅದಕ್ಕ ಗಾಲಿ ಅದಾವಲೇ, ಅದ ತ್ರಾಸು,” ಎನ್ನುತ್ತಿದ್ದರು.

ಆ ಮನೆಯಲ್ಲಿ ಅಲುಗದೆ ಇದ್ದದ್ದು ಇಂಜಿನ್ ಒಂದೇ. ಅಡುಗೆಮನೆಗೂ ರಸ್ತೆಗೂ ನಡುವೆ ಅದಕ್ಕೊಂದು ಕೋಣೆ ಇತ್ತು. ಕಲ್ಲಿನ ಕಟ್ಟೆಯ ಮೇಲೆ ಬೋಲ್ಟು ಹಾಕಿ ಕೂರಿಸಿದ್ದ ಒಂದೇ ಸಿಲಿಂಡರಿನ ಇಂಜಿನ್ನು, ಎರಡು ಕಡೆಗೆ ನನ್ನ ಸೊಂಟದೆತ್ತರದ ಭಾರದ ಚಕ್ರಗಳು, ತಲೆಯ ಮೇಲೆ ಕಬ್ಬಿಣದ ಪಟ್ಟಿಯಿಂದ ಬಿಗಿದ ಎಣ್ಣೆಯ ಟ್ಯಾಂಕು. ಅಜ್ಜ ಬದುಕಿದ್ದಾಗ ಅದರ ಚಕ್ರಕ್ಕೆ ಉದ್ದನೆಯ ಬೆಲ್ಟು ಹಾಕಿ ಅದರಿಂದಲೇ ಗಿರಣಿ ನಡೆಸುತ್ತಿದ್ದರಂತೆ. ಕರೆಂಟಿನ ಮೋಟಾರು ಬಂದ ಮೇಲೆ ಗಿರಣಿ ಅಂಗಡಿಗೆ ಹೋಯಿತು, ಇಂಜಿನ್ ಇಲ್ಲೇ ಉಳಿಯಿತು. ಅದು ಓಡಿದ್ದನ್ನು ನಾನು ನೋಡಿಲ್ಲ. ನಾನು ನೋಡಿದ್ದು ಅದರ ಪೂಜೆ ಮಾತ್ರ. ಪ್ರತಿ ಆಯುಧಪೂಜೆಗೆ ಮನೆಯಲ್ಲಿ ಯಾವ ಬಣ್ಣ ಉಳಿದಿತ್ತೋ ಅದನ್ನು ಅದರ ಮೇಲೆ ಬಳಿಯುತ್ತಿದ್ದರು. ಬಾಗಿಲಿನ ನೀಲಿ, ಗೇಟಿನ ಬೆಳ್ಳಿಬಣ್ಣ, ಕಪಾಟಿನ ಕಾಫಿ ಬಣ್ಣ. ಫೋನಿನ ಸದ್ದು ತಲುಪದ ಕೋಣೆ ಅದೊಂದೇ ಆದ್ದರಿಂದ ನಾನು ಹೋಮ್‌ವರ್ಕನ್ನು ಅಲ್ಲಿಯೇ ಮಾಡುತ್ತಿದ್ದೆ. ಸೀಮೆಎಣ್ಣೆಯ ಹಳೆಯ ವಾಸನೆಯಲ್ಲಿ, ಚಕ್ರಕ್ಕೆ ಬೆನ್ನು ಕೊಟ್ಟು. ನಾನು ಅಲ್ಲಿ ಕೂರುವುದು ಎಲ್ಲರಿಗೂ ಗೊತ್ತಿತ್ತು, ಆದರೆ ಯಾಕೆಂದು ಯಾರೂ ಕೇಳಿರಲಿಲ್ಲ. ಅದು ನನಗೆ ಅನುಕೂಲವೇ ಆಗಿತ್ತು.

ಅಪ್ಪನಿಗೆ ಆ ಕೋಣೆಯ ಜಾಗ ಬೇಕಾಗಿತ್ತು. ಗೋಡೆ ಒಡೆದರೆ ಟಿಪ್ಪರ್ ನೇರ ರಸ್ತೆಯಿಂದ ಒಳಗೆ ಬಂದು ನಿಲ್ಲುತ್ತದೆ, ಹೊರಗೆ ನಿಲ್ಲಿಸಿದರೆ ಡೀಸೆಲ್ ಕದಿಯುತ್ತಾರೆ ಎಂಬುದು ಅವರ ವಾದ. ಗೌಂಡಿ ಬಂದು ಅಳತೆ ಹಿಡಿದು, ಕೆಲಸ ಶುರುವಾದ ಗುರುತಿಗೆ ರಸ್ತೆ ಕಡೆಯ ಕಿಟಕಿಯ ಬಾಗಿಲುಗಳನ್ನು ಕಿತ್ತು ಒಯ್ದಿದ್ದ. ಬರಿಯ ಚೌಕಟ್ಟು ಉಳಿದಿತ್ತು. ಆಗಲೇ ಹಂಪಿಯ ದಾರಿಯಲ್ಲಿ ಹೊಸದಾಗಿ ಏಳುತ್ತಿದ್ದ ಹೋಟೆಲೊಂದರ ಮ್ಯಾನೇಜರು ನಮ್ಮಲ್ಲಿಗೆ ಬಂದದ್ದು. ಹೋಟೆಲಿನ ಅಂಗಳದಲ್ಲಿ ಇಡಲು ಹಳೆಯ ವಸ್ತುಗಳು ಬೇಕಾಗಿದ್ದವಂತೆ. ಅವರು ಬೆಂಗಳೂರಿನ ಕಡೆಯವರು, ಮೆಲುಮಾತಿನವರು. ಇಂಜಿನ್ನಿನ ಹೊಟ್ಟೆಯ ಮುಚ್ಚಳವನ್ನು ಬೆರಳಿನಿಂದ ಸವರಿ, ಉಬ್ಬು ಸಿಕ್ಕಿದ ಕಡೆ ಬೀಗದಕೈಯಿಂದ ಬಣ್ಣ ಕೆರೆದರು. ಎರಕದಲ್ಲೇ ಮೂಡಿದ್ದ ಇಂಗ್ಲೆಂಡಿನ ಊರೊಂದರ ಹೆಸರು ಎದ್ದು ಬಂತು.

“ಇದು ಅಸಲಿ. ಇಲ್ಲಿ ಮಾಡಿದ ನಕಲಲ್ಲ,” ಎಂದರು. “ನಾವು ತಗೋತೀವಿ. ಆದರೆ ಈ ಕಾಫಿ ಬಣ್ಣ ಬೇಡ. ಕಾರ್ಖಾನೆಯಿಂದ ಬಂದಾಗ ಯಾವ ಬಣ್ಣ ಇತ್ತು ಅಂತ ತಿಳಿದು ಅದನ್ನೇ ಹಚ್ಚಿಸಿ ಕೊಡಿ.”

ಅಪ್ಪನಿಗೆ ಖುಷಿಯಾಯಿತು. ಅಜ್ಜನ ಬಾಯಿಂದಲೇ ಕೇಳಿದ್ದ, ಅವರಿಗೆ ಬಹಳ ಇಷ್ಟವಾದ ಕಥೆಯನ್ನು ಮತ್ತೊಮ್ಮೆ ಹೇಳಲು ಸಂದರ್ಭ ಸಿಕ್ಕಿತ್ತು. ಅಜ್ಜ ಯಾರ ಮುಂದೆಯೂ ಕೈಯೊಡ್ಡದೆ, ಒಬ್ಬರೇ ಸಂಡೂರಿಗೆ ಹೋಗಿ, ಗಣಿಯವರ ಹರಾಜಿನಲ್ಲಿ ಇಂಜಿನ್ ಹಿಡಿದು, ಎತ್ತಿನ ಬಂಡಿಯಲ್ಲಿ ಘಾಟಿ ಇಳಿಸಿ ತಂದ ಕಥೆ. ತಮ್ಮ ಡ್ರೈವರುಗಳಿಗೆ ಅವರು ಅದನ್ನು ಎಷ್ಟೋ ಸಲ ಹೇಳಿದ್ದರು. ಅವತ್ತು ಕಥೆ ಘಾಟಿ ಇಳಿಯುವ ಮೊದಲೇ ಅಡುಗೆಮನೆಯಿಂದ ಅಜ್ಜಿಯ ದನಿ ಬಂತು.

“ಅದು ಸಂಡೂರಿಂದಲ್ಲ. ಕಂಪ್ಲಿಯಿಂದ ಬಂದದ್ದು. ನನ್ನ ಬೆನ್ನ ಹಿಂದ.”

ಕಂಪ್ಲಿ ಅಜ್ಜಿಯ ತವರು. ಮದುವೆಯಾಗಿ ಬರುವಾಗ ಮುಂದಿನ ಬಂಡಿಯಲ್ಲಿ ತಾನು, ಹಿಂದಿನ ಬಂಡಿಯಲ್ಲಿ ಇಂಜಿನ್ ಬಂತು ಎಂದಳು. ಕಬ್ಬಿನ ಗಾಣದವರಿಂದ ಹಳೆಯದನ್ನು ಕೊಂಡ ತನ್ನಪ್ಪ, ಮಗಳ ಬಳುವಳಿ ಹಳೇದು ಕಾಣಬಾರದು ಎಂದು ಅದಕ್ಕೆ ಅವಳ ಧಾರೆ ಸೀರೆಯ ಬಣ್ಣ ಹಚ್ಚಿಸಿದ್ದನಂತೆ. ಗಿಣಿಹಸಿರು.

“ಅವ್ವಾ, ಇಂಜಿನ್ನಿಗೆ ಯಾರರ ಸೀರಿ ಬಣ್ಣ ಹಚ್ತಾರೇನು?”

“ಎತ್ತಿನ ಕೋಡಿಗೆ ಹಚ್ಚಂಗಿಲ್ಲೇನು? ಹಂಗ.”

ಅಪ್ಪ ಅತಿಥಿಯ ಕಡೆ ನೋಡಿ ನಕ್ಕು ಸುಮ್ಮನೆ ಒಂದು ಮಾತು ಆಡಿದರು. “ಆತು. ಬಣ್ಣ ಕೆರೀತೀವಲ್ಲ, ನಿನ್ನ ಗಿಣಿಹಸರು ಬಂತಂದ್ರ ಇಂಜಿನ್ ನಿಂದು. ಕೊಡೂದು ಬಿಡೂದು ನಿನಗ ಬಿಟ್ಟದ್ದು.” ಆ ಮನೆಯಲ್ಲಿ ಕೊಡುವ, ಬಿಡುವ ಸಂಗತಿಯನ್ನು ಅಜ್ಜಿಗೆ ಬಿಟ್ಟದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಟಿಪ್ಪರಿನ ವಿಷಯ ಅವಳಿಗೆ ತಿಳಿದದ್ದೇ ಅದು ಬಾಗಿಲಿಗೆ ಬಂದು ತೆಂಗಿನಕಾಯಿ ಒಡೆಯುವಾಗ. ಅಜ್ಜಿ ನಗಲಿಲ್ಲ. ಅವರೆಕಾಳನ್ನು ಒಂದು ಕಡೆ, ಸಿಪ್ಪೆಯನ್ನು ಇನ್ನೊಂದು ಕಡೆ ಮಾಡಿ, “ಆತು,” ಅಂದಳು.

ಕೆರೆಯುವ ಕೆಲಸ ನನ್ನ ಪಾಲಿಗೆ ಬಂತು. “ವಿಶಾಲಿ, ನಿನ್ನ ಕೈ ನಿಧಾನ, ನೀನ ಕೆರಿ,” ಎಂದು ಅಪ್ಪ ಹೇಳಿದರು. ಅದೂ ನಿಜವೇ. ವಿಜ್ಞಾನದ ಚಿತ್ರಗಳನ್ನು ನಾನು ಅಳಿಸದೆ ಬರೆಯುತ್ತಿದ್ದೆ. ದಸರಾ ರಜೆ ಬೇರೆ. ನನಗೆ ಯಾವ ಬಣ್ಣ ಬರಬೇಕಾಗಿತ್ತು ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿರಲಿಲ್ಲ. ಹಳೆಯ ಬ್ಲೇಡು, ಸೀಮೆಎಣ್ಣೆಯ ಬಟ್ಟಲು, ನೀರಿನಲ್ಲಿ ನೆನೆಸಿದ ಉಪ್ಪುಕಾಗದ ಇಟ್ಟುಕೊಂಡು ಕೂತೆ. ಮೊದಲು ಬ್ಲೇಡಿನಿಂದ ಕಿತ್ತು ನೋಡಿದೆ, ಪದರಗಳೆಲ್ಲ ಒಟ್ಟಿಗೆ ಎದ್ದು ಬಂದವು. ಆಮೇಲೆ ಉಪ್ಪುಕಾಗದವನ್ನು ಒಂದೇ ಕಡೆ ಗುಂಡಗೆ ಆಡಿಸಿದೆ. ಆಗ ಬಣ್ಣಗಳು ಉಂಗುರ ಉಂಗುರವಾಗಿ ತೆರೆದುಕೊಂಡವು. ಹೊರಗೆ ಕಾಫಿ, ಅದರೊಳಗೆ ನೀಲಿ, ಅದರೊಳಗೆ ಬೆಳ್ಳಿ. ಇತ್ತೀಚಿನ ಬಣ್ಣಗಳ ನಡುವೆ ಕೂದಲೆಳೆಯಷ್ಟು ತೆಳುವಾದ ಕೆಂಪು ಗೆರೆ ಇತ್ತು. ಅದು ಯಾರೂ ಬಳಿದ ಬಣ್ಣವಲ್ಲ. ರಸ್ತೆಯ ಧೂಳನ್ನು ಒರೆಸದೆ ಹಾಗೇ ಬಣ್ಣ ಹಚ್ಚಿದ ಆಯುಧಪೂಜೆಗಳವು. ಹಳೆಯ ಬಣ್ಣಗಳ ನಡುವೆ ಆ ಗೆರೆ ಇರಲಿಲ್ಲ.

ಬೆಳ್ಳಿಯ ಕೆಳಗೆ ಕೆಂಪು ಬಂತು. ಗೆರೆಯಲ್ಲ, ದಪ್ಪನೆಯ ಕೆಂಪು. ಅದರ ಕೆಳಗೆ ಬರಿಯ ಕಬ್ಬಿಣ.

ಅಪ್ಪ ಫೋನಿನಲ್ಲಿ ಮಾತಾಡುತ್ತಲೇ ಬಂದು ಬಗ್ಗಿ ನೋಡಿದರು. “ಕೆಂಪು! ಅವ್ವಾ, ಕೆಂಪು ಬಂತು ನೋಡು. ನನ್ನ ಟಿಪ್ಪರಿನ ಬಣ್ಣ.” ಅಜ್ಜಿ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. “ಬರ್ತೈತಿ, ಇನ್ನಾ ಕೆರಿ,” ಎಂದಳು. “ಕಬ್ಬಿಣ ಬಂತಲ್ಲಬೇ, ಇನ್ನೇನು ಕೆರೀತಾಳ?” ಎಂದು ಅಪ್ಪ ಹೊರಟುಹೋದರು. ಅವತ್ತು ಅಜ್ಜಿ ಮಧ್ಯಾಹ್ನದ ಊಟಕ್ಕೆ ಹಸಿವಿಲ್ಲ ಎಂದಳು. ಅಮ್ಮ ಅವಳ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಇಟ್ಟಳು. ನಾನು ಒಳಗೆ ಹೊರಗೆ ಓಡಾಡಿದೆ. ಪುಸ್ತಕ ಹಿಡಿದೆ, ಬಿಟ್ಟೆ. ಕೆಂಪನ್ನು ನಾನೇ ನನ್ನ ಕೈಯಾರೆ ತೆಗೆದು ತೋರಿಸಿದ್ದೆ, ಅದು ಸುಳ್ಳಾಗಿರಲಿಲ್ಲ. ಆದರೂ ಅಜ್ಜಿಯ ತಟ್ಟೆಯನ್ನು ನೋಡಲು ಆಗುತ್ತಿರಲಿಲ್ಲ.

ಮಾರನೆಯ ದಿನ ಬಣ್ಣ ಹಚ್ಚುವ ಖಾಜಾಸಾಬರು ಅಳತೆಗೆ ಬಂದರು. ಆ ಕಾಲದಲ್ಲಿ ಅವರು ಸಿಗುವುದೇ ಕಷ್ಟ. ಊರಿನ ಲಾರಿಗಳಿಗೆಲ್ಲ ಅವರದೇ ಕಮಲ, ಅವರದೇ ಹದ್ದು, ಅವರದೇ ಹಿಂಬದಿಯ ಅಕ್ಷರ. ಒಂದು ಲೋಟ ಚಹಾ ಹಿಡಿದು ನನ್ನ ಉಂಗುರಗಳನ್ನು ನೋಡಿ, “ಯಾವ ಕಲರ್ ಹೇಳ್ರಿ ಸಾವ್ಕಾರ್ರೇ, ಜಲ್ದಿ ಮುಗಸ್ತೀನಿ,” ಎಂದರು.

“ಕೆಂಪು. ತಳದಾಗ ಬಂದೈತಲ್ಲ,” ಎಂದರು ಅಪ್ಪ.

“ಅದು ಕಲರ್ ಅಲ್ರಿ, ಅಸ್ತರ್. ಕಬ್ಬಿಣಕ್ಕ ಮೊದಲು ಹಚ್ಚೂದು. ಎಲ್ಲಾ ಗಾಡಿಗೂ ಇರ್ತೈತಿ.”

“ಮತ್ತ ಅದರ ಮ್ಯಾಲಿನ ಕಲರ್ ಎಲ್ಲಿ?”

“ಎಣ್ಣಿ ಸೋರಿದ ಜಾಗ, ಎದ್ದು ಹೋಗಿರ್ತೈತಿ. ನನಗೇನು ಗೊತ್ರಿ. ನೀವು ಹೇಳಿದ್ದು ಹಚ್ತೀನಿ, ಬೇಕಂದ್ರ ಒಂದು ಹದ್ದೂ ಬರೀತೀನಿ.”

ಅವರು ಹದ್ದಿನ ಮಾತಿನಲ್ಲಿದ್ದರು, ನಾನು ಅಸ್ತರ್ ಎಂಬ ಮಾತಿನಲ್ಲಿ ನಿಂತುಬಿಟ್ಟೆ. ನನಗೆ ಗೊತ್ತಿದ್ದ ಅಸ್ತರ್ ಬೇರೆ. ರವಿಕೆಯ ಒಳಬಟ್ಟೆ, ಅಜ್ಜಿಯ ಕೌದಿಯ ಅಡಿಪದರ. ಬಿಸಿಲು, ಕೈ, ನೀರು ಮುಟ್ಟದ ಕಡೆ ಬಟ್ಟೆಯ ಬಣ್ಣ ಹೊಸದಾಗಿಯೇ ಇರುತ್ತದೆ. ಹಾಗಾದರೆ ಇಂಜಿನ್ನಿನಲ್ಲಿ ಬಿಸಿಲು, ಎಣ್ಣೆ, ಬ್ರಷ್ಷು ಮುಟ್ಟದ ಜಾಗ ಯಾವುದು? ಮುಂದೆ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದುವಾಗ, ಆ ತಳದ ಕೆಂಪೂ ರಸ್ತೆಯಲ್ಲಿ ಹಾರುತ್ತಿದ್ದ ಧೂಳೂ ಒಂದೇ ವಸ್ತು, ಕಬ್ಬಿಣದ ಆಕ್ಸೈಡು ಎಂದು ತಿಳಿದು ಒಬ್ಬಳೇ ನಕ್ಕಿದ್ದೇನೆ. ಅವತ್ತು ಅಷ್ಟೆಲ್ಲ ತಿಳಿದಿರಲಿಲ್ಲ. ಟ್ಯಾಂಕನ್ನು ಬಿಗಿದಿದ್ದ ಕಬ್ಬಿಣದ ಪಟ್ಟಿಯನ್ನು ತೋರಿಸಿ, “ಇದನ್ನ ಬಿಚ್ಚಿ ಕೊಡ್ರಿ,” ಎಂದೆ. ಖಾಜಾಸಾಬರು ಪಾನಾ ಹಾಕಿ, ತುಕ್ಕಿಗೆ ಸೀಮೆಎಣ್ಣೆ ಬಿಟ್ಟು, ಬೈದು, ಬಿಚ್ಚಿದರು.

ಪಟ್ಟಿ ಕೂತಿದ್ದ ಜಾಗದಲ್ಲಿ ಕಾಫಿ ಇರಲಿಲ್ಲ, ನೀಲಿ ಇರಲಿಲ್ಲ, ಬೆಳ್ಳಿಯೂ ಇರಲಿಲ್ಲ. ಆಯುಧಪೂಜೆಗೆ ಯಾರೂ ಅದನ್ನು ಬಿಚ್ಚಿ ಬಣ್ಣ ಹಚ್ಚುವ ಕಷ್ಟ ತೆಗೆದುಕೊಂಡಿರಲಿಲ್ಲ. ಅಲ್ಲಿದ್ದದ್ದು ಕಡು ಹಸಿರು, ಬೇವಿನ ಬಲಿತ ಎಲೆಯಂಥದ್ದು, ನುಣ್ಣಗೆ ಸಮನಾಗಿ ಹರಡಿದ ಕಾರ್ಖಾನೆಯ ಬಣ್ಣ. ಪಟ್ಟಿಯನ್ನು ತಿರುಗಿಸಿದೆ. ಅದರ ಒಳಮೈಗೆ, ಕಡು ಹಸಿರಿನ ಮೇಲೆ, ಬ್ರಷ್ಷಿನ ಕೂದಲಿನ ಗೆರೆಗಳು ಕಾಣುವ ಹಾಗೆ ಇನ್ನೊಂದು ಹಸಿರಿತ್ತು. ತೀರಾ ಎಳೆಯದು. ಯಾರೋ ಒಬ್ಬರು, ಒಂದು ಸಲ ಮಾತ್ರ, ಟ್ಯಾಂಕಿನ ಮುಚ್ಚಿಹೋಗುವ ಜಾಗವನ್ನು ಹಾಗೇ ಬಿಟ್ಟು, ಪಟ್ಟಿಯನ್ನು ಕೈಯಲ್ಲಿ ಹಿಡಿದು ಒಳಗೂ ಹೊರಗೂ ಬಿಡದೆ ಬಳಿದಿದ್ದರು.

ಅಜ್ಜಿಯನ್ನು ಕರೆಯುವ ಮೊದಲೇ ಅಪ್ಪ ಹೇಳಿದರು, “ಹಸರು ಅಂದ್ರ ಯಾವ ಹಸರು? ಗಣಿಯವ್ರೂ ಹಸರು ಹಚ್ಚಿರ್ತಾರ. ಪ್ಯಾಟಿಯೊಳಗ ಹಸರು ಡಬ್ಬಿ ಒಂದ ಐತೇನು?” ಮಾತು ಹಿಂದೆಗೆದುಕೊಳ್ಳುವವರ ದನಿಯಲ್ಲ ಅದು. ಅಜ್ಜ ಒಬ್ಬರೇ ಘಾಟಿ ಇಳಿದ ಕಥೆ ಅವರ ಕೈಯಿಂದ ಜಾರುತ್ತಿತ್ತು.

ನಾನು ಒಳಗೆ ಹೋಗಿ ನನ್ನ ಹಾಸಿಗೆಯ ಮೇಲಿನ ಕೌದಿ ತಂದೆ. ಹಳೆಯ ಸೀರೆಗಳ ತುಂಡುಗಳನ್ನು ಜೋಡಿಸಿ ಅಜ್ಜಿ ಹೊಲಿದದ್ದು. ನಡುವಿನ ಚೌಕ ತನ್ನ ಧಾರೆ ಸೀರೆಯದು ಎಂದು ನನ್ನನ್ನು ಮಲಗಿಸುವಾಗ ಎಷ್ಟೋ ಸಲ ಹೇಳಿದ್ದಳು. ಆ ಚೌಕ ಒಗೆದು ಒಗೆದು ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಅಂಗಳದಲ್ಲಿ ಹಾಸಿ, ಅದರ ಒಂದು ಅಂಚಿನ ಹೊಲಿಗೆಯನ್ನು ಬ್ಲೇಡಿನ ಮೂಲೆಯಿಂದ ಒಂದೊಂದೇ ಬಿಚ್ಚಿದೆ. ಅಮ್ಮ “ಏ ಹುಡುಗಿ, ಕೌದಿ” ಎಂದು ಬಂದವಳು ನಿಂತಳು. ಒಳಕ್ಕೆ ಮಡಚಿ ಹೊಲಿದಿದ್ದ ಬೆರಳಗಲದ ಬಟ್ಟೆಯನ್ನು ಬಿಡಿಸಿ, ಪಕ್ಕದಲ್ಲಿ ಪಟ್ಟಿಯನ್ನು ಮಗ್ಗುಲು ಮಾಡಿ ಇಟ್ಟೆ. ಎರಡೂ ಒಂದೇ ಗಿಳಿಯ ಗರಿಗಳಂತಿದ್ದವು. ಖಾಜಾಸಾಬರು ಬಟ್ಟೆಯನ್ನೊಮ್ಮೆ ಕಬ್ಬಿಣವನ್ನೊಮ್ಮೆ ನೋಡಿ, “ಸೀರಿ ತುಂಡು ಮುಂದಿಟಗೊಂಡ ಕಲಸ್ಯಾರ್ರಿ,” ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

ಅಪ್ಪ ಕುಕ್ಕರಗಾಲಲ್ಲಿ ಕೂತರು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವರು ಅದನ್ನು ಎತ್ತಲಿಲ್ಲ. ಅದು ನಿಂತು, ಮತ್ತೆ ಬಡಿದುಕೊಂಡು, ಮತ್ತೆ ನಿಂತಿತು. ಅಜ್ಜಿ ಬಾಗಿಲಿಗೆ ಒರಗಿ ನಿಂತಿದ್ದಳು.

“ಅಪ್ಪಾಜಿ ನನಗ ಸುಳ್ಳ ಹೇಳಿದ್ರೇನವ್ವಾ?” ಎಂದರು ಅಪ್ಪ.

ಅಜ್ಜಿ ಸೆರಗಿನಿಂದ ಕೈ ಒರೆಸಿಕೊಂಡಳು.

“ಸುಳ್ಳಲ್ಲಪಾ. ಸಂಡೂರಿಗೆ ಹೋಗಿದ್ರು. ಬೆಲ್ಟ್ ತಂದ್ರು. ಅಲ್ಲಿ ಹರಾಜಿನ್ಯಾಗ, ಒಬ್ರ ಹೋಗಿ, ಯಾರನ್ನೂ ಕೇಳದಂಗ. ಬೆಲ್ಟ್ ಇಲ್ದ ಇಂಜಿನ್ ಇಟಗೊಂಡು ಏನ್ ಮಾಡ್ತಿದ್ದಿವಿ?”

ಅದು ನಿಜವೋ, ಆ ಗಳಿಗೆಯಲ್ಲಿ ಅವಳು ಹೊಲಿದ ತೇಪೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಬೆಲ್ಟು ನಮ್ಮ ಮನೆಯಲ್ಲಿ ಉಳಿದಿರಲಿಲ್ಲ. ಕೆರೆದು ನೋಡಲು ಏನೂ ಇರಲಿಲ್ಲ. ಅಪ್ಪ ತಲೆಯಾಡಿಸಿದರು. ಬೆಲ್ಟು ಎಷ್ಟು ಉದ್ದವಿತ್ತು ಎಂದು ಕೇಳಿದರು. ಅಜ್ಜಿ ಅಂಗಳದ ಈ ಗೋಡೆಯಿಂದ ಆ ಗೋಡೆಗೆ ಕೈ ತೋರಿಸಿದಳು. ಆಮೇಲೆ ಅವರು ನೆಲ ನೋಡುತ್ತ ಕೇಳಿದರು.

“ಮತ್ತ, ಕೊಡ್ಲೇನು?”

“ಬ್ಯಾಡ.”

“ಟಿಪ್ಪರ್ ಎಲ್ಲಿ ನಿಂದ್ರಸ್ಲಿ?”

“ಊರ ಮಂದಿ ಎಲ್ಲಾರ ಟಿಪ್ಪರ್ ರಸ್ತಾದಾಗ ನಿಂತಾವ. ನಿಂದೂ ನಿಂದರ್ಲಿ.”

ಅಮ್ಮ ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ಜೋಡಿಸತೊಡಗಿದಳು. ಅವಳು ನಗುತ್ತಿದ್ದಳು ಎಂದು ನನ್ನ ಅನುಮಾನ. ಸಂಜೆ ಅಪ್ಪ ಮ್ಯಾನೇಜರಿಗೆ ಫೋನು ಮಾಡಿದ್ದನ್ನು ಪಡಸಾಲೆಯಿಂದ ಕೇಳಿಸಿಕೊಂಡೆ. “ಇಲ್ಲ ಸರ, ಮಾಲಕರು ಒಪ್ಪವಲ್ರು.” ಆ ಕಡೆಯಿಂದ ಏನೋ ಕೇಳಿದರು. “ನಮ್ಮವ್ವಾರು,” ಎಂದರು ಅಪ್ಪ. ಆ ರಾತ್ರಿ ಅವರು ಕೂತು ಉಂಡರು. ಮುಂದೆ ಬಹಳ ದಿನ ಡ್ರೈವರುಗಳಿಗೆ ಆ ಕಥೆ ಹೇಳಲಿಲ್ಲ. ಹೇಳಲು ಶುರುಮಾಡಿದಾಗ ಅದರಲ್ಲಿ ಬೆಲ್ಟು ಬಂದಿತ್ತು.

ಯಾವ ಬಣ್ಣ ಹಚ್ಚಬೇಕು ಎಂಬುದು ನನ್ನೊಳಗೆ ಮಾತ್ರ ತಕರಾರಾಗಿ ಉಳಿಯಿತು. ಮ್ಯಾನೇಜರು ಕೇಳಿದ್ದು ಮೊದಲ ಬಣ್ಣ, ಅದು ಕಡು ಹಸಿರು, ಅದರಲ್ಲಿ ಸಂಶಯವಿಲ್ಲ. ಆದರೆ ಆ ಬಣ್ಣದ ಇಂಜಿನ್ ನಮ್ಮ ಮನೆಗೆ ಬಂದೇ ಇರಲಿಲ್ಲ. ನಮ್ಮ ಹೊಸ್ತಿಲು ದಾಟಿದ್ದು ಎರಡನೆಯ ಬಣ್ಣ. ಅಜ್ಜಿಗೆ ಈ ಗೊಂದಲ ಇರಲಿಲ್ಲ. ಖಾಜಾಸಾಬರು ಎದ್ದ ಪದರಗಳನ್ನೆಲ್ಲ ಕೆರೆದು, ಅಸ್ತರ್ ಹಚ್ಚಿ, ಅದು ಒಣಗಿದ ಮೇಲೆ ಒಂದು ಸಂಜೆ ಕೌದಿಯ ಅಂಚನ್ನು ಪಕ್ಕದಲ್ಲಿ ಇಟ್ಟುಕೊಂಡು ಹಳದಿಗೆ ಹಸಿರು ಬೆರೆಸುತ್ತ ಗಿಣಿಹಸಿರು ಕಲಸಿದರು. ಬೆಲ್ಟು ಓಡುತ್ತಿದ್ದ ಚಕ್ರದ ಅಂಚಿನಲ್ಲಿ ಯಾವ ಪದರದಲ್ಲೂ ಬಣ್ಣ ಸಿಕ್ಕಿರಲಿಲ್ಲ, ಅದನ್ನು ಬರಿದಾಗಿ ಬಿಡಿ ಎಂದೆ. ಪಟ್ಟಿಯ ಕೆಳಗೂ ಹಚ್ಚಬೇಡಿ ಎಂದೆ. “ಕಾಣೂದಿಲ್ಲಲ್ಲವ್ವಾ,” ಎಂದರು. “ಅದಕ್ಕ ಬ್ಯಾಡ,” ಎಂದೆ. ಹಣೆಯ ತಗಡಿನ ಕೆಳಗೆ ಲಾರಿಯ ಅಕ್ಷರದಲ್ಲಿ ನೆರಳು ಬಿಟ್ಟು ‘ಗೌರಮ್ಮ’ ಎಂದು ಅಜ್ಜಿಯ ಹೆಸರು ಬರೆಯುತ್ತೇನೆಂದು ಅವರ ಹಠ.

“ಹೆಸರು ಗಿಸರು ಬ್ಯಾಡಪಾ,” ಎಂದಳು ಅಜ್ಜಿ. “ನಾನ ಮತ್ತ ಹುಣಸೀಹಣ್ಣು ಹಚ್ಚಿ ತಿಕ್ಕೇನು.”

ಮರುದಿನ ಬೆಳಿಗ್ಗೆ ಮೊದಲ ಲಾರಿಗಳ ಸದ್ದಿಗೇ ಎಚ್ಚರವಾಯಿತು. ಇಂಜಿನ್ ಕೋಣೆಗೆ ಹೋಗಿ ಚಕ್ರದ ಹಿಂಬದಿಗೆ ಬೆರಳು ಮುಟ್ಟಿಸಿದೆ. ಬಣ್ಣ ಅಂಟುತ್ತಿತ್ತು. ಬಾಗಿಲಿಲ್ಲದ ಕಿಟಕಿಯ ಚೌಕಟ್ಟಿನೊಳಗಿನಿಂದ ಧೂಳು ಆಗಲೇ ಬೆಳಕಿನ ಕೋಲಿನಲ್ಲಿ ಇಳಿಯುತ್ತಿತ್ತು. ಸೂಜಿದಾರ ತಂದು, ಹೊಸ್ತಿಲಲ್ಲಿ ಕೂತು, ನಾನು ಬಿಚ್ಚಿದ್ದ ಅಂಚನ್ನು ಹಳೆಯ ತೂತುಗಳಲ್ಲೇ ಹೊಲಿದೆ. ಆಮೇಲೆ ಸ್ಟೂಲು ಹತ್ತಿ, ಕೌದಿಯನ್ನು ಕಿಟಕಿಯ ಉದ್ದಗಲಕ್ಕೂ ಬಿಗಿದು ಮೊಳೆ ಹೊಡೆದೆ. ಸೀರೆಯ ಚೌಕ ಇಂಜಿನ್ನಿನ ಕಡೆಗೆ, ಅಸ್ತರ್ ರಸ್ತೆಯ ಕಡೆಗೆ.